ಸಹಿ ಹಾಕದ ಹಾಳೆ: ಮಾಚೇನಹಳ್ಳಿಯ ಒಂದು ಕೆಲಸ ಹೋದ ಪ್ರಕರಣ

2024ರ ಜನವರಿ ಕೊನೆಯಲ್ಲಿ ನಮ್ಮ ಭಾವನ ಕೆಲಸ ಹೋಯಿತು. ಭಾವ ಅಂದರೆ ನನ್ನ ಅಕ್ಕನ ಗಂಡ. ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಯಲ್ಲಿ ಎಂಟು ವರ್ಷದಿಂದ ಫೆಟ್ಲಿಂಗ್ ಸೆಕ್ಷನ್ನಿನಲ್ಲಿದ್ದರು. ಎರಕದಿಂದ ಹೊರಬಂದ ಕ್ಯಾಸ್ಟಿಂಗ್‌ಗೆ ಅಂಟಿಕೊಂಡ ಮರಳು, ಅಂಚಿನಲ್ಲಿ ಉಳಿದ ಹೆಚ್ಚುವರಿ ಕಬ್ಬಿಣ ಎಲ್ಲವನ್ನೂ ಗ್ರೈಂಡರ್ ಹಿಡಿದು ತೆಗೆಯುವ ಕೆಲಸ. ಐಟಿಐ ಓದಿದ್ದಾರೆ, ವಯಸ್ಸು ನಲವತ್ತು ದಾಟಿದೆ. ಕೈಗೆ ಬರುತ್ತಿದ್ದ ಸಂಬಳ ಬಿಟ್ಟರೆ ತೀರ್ಥಹಳ್ಳಿ ಕಡೆ ಅಣ್ಣತಮ್ಮಂದಿರ ಜೊತೆ ಪಾಲಿರುವ ಚೂರು ಅಡಿಕೆ ತೋಟ, ಅಷ್ಟೇ.

ನಾನು ಕೆಲಸ ಮಾಡುವುದು ಶಿವಮೊಗ್ಗದ ಒಂದು ಆಡಿಟರ್ ಆಫೀಸಿನಲ್ಲಿ. ಸಣ್ಣ ಪುಟ್ಟ ಕಾರ್ಖಾನೆಗಳ ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ರಿಟರ್ನ್ ತುಂಬುವುದು ನನ್ನ ದಿನದ ಕೆಲಸ. ಭಾವನ ಫೌಂಡ್ರಿ ನಮ್ಮ ಗಿರಾಕಿ ಅಲ್ಲ. ಆದರೆ ಅಂಥ ಹತ್ತಾರು ಕಡೆಯ ಲೆಕ್ಕ ನನ್ನ ಕೈ ಮೇಲೆ ಹೋಗುತ್ತದೆ. ಹಾಗಾಗಿ ಒಬ್ಬ ಕಾರ್ಮಿಕ ಕೆಲಸ ಬಿಟ್ಟಾಗ ಕಂಪ್ಯೂಟರಿನಲ್ಲಿ ಏನು ನಮೂದಾಗುತ್ತದೆ, ಅದರಿಂದ ಮುಂದೆ ಏನಾಗುತ್ತದೆ ಅನ್ನುವುದು ನನಗೆ ಗೊತ್ತು. ಅದು ಕಾರ್ಮಿಕರಿಗೂ ಗೊತ್ತಿರಬೇಕು. ಅದಕ್ಕೇ ಭಾವನನ್ನು ಕೇಳಿ, ಅವರು ಒಪ್ಪಿದ ಮೇಲೆ, ಇದನ್ನು ಬರೆಯುತ್ತಿದ್ದೇನೆ.

ಟೈಮ್ ಆಫೀಸಿನಲ್ಲಿ ಕೊಟ್ಟ ಹಾಳೆ

ಟ್ರ್ಯಾಕ್ಟರ್ ಬಿಡಿಭಾಗದ ಆರ್ಡರ್ ಕಡಿಮೆಯಾಗಿತ್ತು. ಡಿಸೆಂಬರಿನಿಂದಲೇ ಒಂದು ಶಿಫ್ಟ್ ನಿಲ್ಲಿಸಿದ್ದರು. ಜನವರಿ ಕೊನೆಯ ವಾರ ಫೆಟ್ಲಿಂಗ್ ಮತ್ತು ಕೋರ್ ಶಾಪಿನ ಕೆಲವರನ್ನು ಟೈಮ್ ಆಫೀಸಿಗೆ ಕರೆದು ಒಂದೊಂದು ಹಾಳೆ ಕೊಟ್ಟರು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಮೂರೇ ಸಾಲು. ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ, ನನ್ನ ಲೆಕ್ಕ ಚುಕ್ತಾ ಆಗಿದೆ, ಮುಂದೆ ಯಾವ ಬಾಕಿಯೂ ಕೇಳುವುದಿಲ್ಲ. ಹೆಸರು, ತಾರೀಖು, ಸಹಿಗೆ ಖಾಲಿ ಜಾಗ.

ಸಹಿ ಹಾಕಿದರೆ ಒಂದು ಲಕ್ಷದ ಹತ್ತಿರ ಸೆಟಲ್‌ಮೆಂಟ್ ಸಿಗುತ್ತದೆ, ಒಂದು ತಿಂಗಳ ಸಂಬಳ ಎಕ್ಸ್‌ಟ್ರಾ ಅಂತ ಎಚ್‌ಆರ್‌ನವರು ಹೇಳಿದರಂತೆ. ಆರ್ಡರ್ ಬಂದರೆ ಮತ್ತೆ ಕರೆಯುತ್ತೇವೆ ಅಂತಲೂ ಹೇಳಿದರಂತೆ. ಭಾವ "ಮನೇಲಿ ಓದಿಸ್ಕೊಂಡು ಬರ್ತೀನಿ ಸರ್" ಎಂದು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಬಂದರು. ಗೇಟಿನ ಹೊರಗಿಂದಲೇ ಫೋನ್ ಮಾಡಿದರು.

"ಒಂದು ಲಕ್ಷ ಅಂತಿದಾರೆ ಮಾರಾಯ. ಎಂತ ಮಾಡೋದು?"

"ಸಹಿ ಮಾತ್ರ ಹಾಕ್ಬೇಡಿ ಭಾವ. ಸಂಜೆ ನಾನು ಮನೆಗೆ ಬರ್ತೀನಿ."

ಆ ಸಂಜೆ ಅಕ್ಕನ ಮನೆಯ ಊಟದ ಮೇಜಿನ ಮೇಲೆ ಸಂಬಳದ ಚೀಟಿ ಇಟ್ಟುಕೊಂಡು ಲೆಕ್ಕ ಹಾಕಿದೆವು. ಒಟ್ಟು ಸಂಬಳ 17,500 ರೂಪಾಯಿ. ಅದರಲ್ಲಿ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 13,000. ಎಚ್‌ಆರ್‌ನವರು ಹೇಳಿದ ಲಕ್ಷದ ಹತ್ತಿರದ ಮೊತ್ತದಲ್ಲಿ ಮೊದಲನೆಯದು ಜನವರಿ ಸಂಬಳ 17,500. ಅದು ದುಡಿದು ಆಗಿರುವ ದುಡ್ಡು. ಎರಡನೆಯದು ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದವರಿಗೆ ಕೆಲಸ ಬಿಡುವಾಗ ಕೊಡಬೇಕಾದ ದುಡ್ಡು. 13,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಎಂಟು ವರ್ಷಕ್ಕೆ ಲೆಕ್ಕ ಹಾಕಿದರೆ 60,000. ಐದು ವರ್ಷ ಸರ್ವಿಸ್ ಆದವರಿಗೆ ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆ ಪ್ರಕಾರ ಇದು ಬರಲೇಬೇಕಿತ್ತು. ರಾಜೀನಾಮೆ ಕೊಟ್ಟರೂ ಬರುತ್ತದೆ, ತೆಗೆದು ಹಾಕಿದರೂ ಬರುತ್ತದೆ. ಮೂರನೆಯದು ಎಕ್ಸ್‌ಟ್ರಾ ಅಂತ ಹೇಳಿದ ಒಂದು ತಿಂಗಳ ಸಂಬಳ. ಒಟ್ಟು 95,000.

ಅಂದರೆ ಕಂಪನಿ ತನ್ನ ಕೈಯಿಂದ ಕೊಡುತ್ತೇನೆ ಅಂದಿದ್ದು ಕೊನೆಯ 17,500 ಮಾತ್ರ. ಉಳಿದದ್ದು ಭಾವನದೇ ದುಡ್ಡು. ಆ 17,500 ಕೂಡ ನಿಜವಾಗಿ ಹೆಚ್ಚಿನದಲ್ಲ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ರಾಜೀನಾಮೆಗೂ ರಿಟ್ರೆಂಚ್‌ಮೆಂಟಿಗೂ ಇರುವ ಅಂತರ

ಕೆಲಸ ಇಲ್ಲ ಅಂತ ಕಾರ್ಮಿಕರನ್ನು ಕಂಪನಿಯೇ ತೆಗೆದರೆ ಅದು ರಿಟ್ರೆಂಚ್‌ಮೆಂಟ್. ಆಗ ಜಾರಿಯಲ್ಲಿದ್ದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ. ಅದರ 25ಎಫ್ ಕಲಂ ಪ್ರಕಾರ ಒಂದು ವರ್ಷ ಸತತ ಸರ್ವಿಸ್ ಆದ ಕಾರ್ಮಿಕನನ್ನು ಹಾಗೆ ತೆಗೆಯುವ ಮೊದಲು ಕಾರಣ ಬರೆದು ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. ಅದರ ಜೊತೆಗೆ ಪ್ರತಿ ವರ್ಷದ ಸರ್ವಿಸ್‌ಗೆ 15 ದಿನದ ಸರಾಸರಿ ಸಂಬಳ ಪರಿಹಾರವಾಗಿ ಕೊಡಬೇಕು. ಸರ್ಕಾರಕ್ಕೂ ತಿಳಿಸಬೇಕು. ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಒಂದು ವರ್ಷದ ಸರ್ವಿಸ್ ಎಂದೇ ಲೆಕ್ಕ.

ಈಗ ಆ ಎಕ್ಸ್‌ಟ್ರಾ ಸಂಬಳ ಏನು ಅಂತ ಗೊತ್ತಾಯಿತಲ್ವಾ? ಅದು ನೋಟಿಸ್ ಬದಲಿಗೆ ಹೇಗೂ ಕೊಡಬೇಕಾಗಿದ್ದ ಸಂಬಳ. ಅದನ್ನೇ ಮುಂದೆ ಹಿಡಿದು ವರ್ಷಕ್ಕೆ 15 ದಿನದ ಪರಿಹಾರ ಬಿಟ್ಟುಕೊಡಿ ಅಂತ ಕೇಳಿದಂತಾಯಿತು. ಭಾವನ ಎಂಟು ವರ್ಷಕ್ಕೆ ಆ ಪರಿಹಾರ 70,000ದ ಹತ್ತಿರ.

ಅಷ್ಟಕ್ಕೇ ಮುಗಿಯಲಿಲ್ಲ. ಭಾವನ ಸಂಬಳದಲ್ಲಿ ಪ್ರತಿ ತಿಂಗಳು 132 ರೂಪಾಯಿ ಇಎಸ್‌ಐಗೆ ಹಿಡಿಯುತ್ತಿದ್ದರು. ಕಾರ್ಮಿಕನ ಪಾಲು 0.75%, ಕಂಪನಿಯ ಪಾಲು 3.25%. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇದರಲ್ಲಿ ಬರುತ್ತಾರೆ. ಇಎಸ್‌ಐ ಅಂದರೆ ಆಸ್ಪತ್ರೆ, ಔಷಧಿ ಅಂತಲೇ ನಮ್ಮ ಜನ ತಿಳಿದಿದ್ದಾರೆ. ಕೆಲಸ ಹೋದಾಗ ದುಡ್ಡು ಕೊಡುವ ಎರಡು ಯೋಜನೆ ಅದರೊಳಗೇ ಇದೆ ಅಂತ ಬಹಳ ಮಂದಿಗೆ ಗೊತ್ತಿಲ್ಲ.

ಒಂದು, 2005ರ ಏಪ್ರಿಲ್‌ನಲ್ಲಿ ಶುರುವಾದ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ ಯೋಜನೆ. ಕಾರ್ಖಾನೆ ಮುಚ್ಚಿದರೆ ಅಥವಾ ರಿಟ್ರೆಂಚ್ ಮಾಡಿದರೆ, ಎರಡು ವರ್ಷ ವಂತಿಗೆ ಕಟ್ಟಿದ್ದವರಿಗೆ ನಿರುದ್ಯೋಗ ಭತ್ಯೆ. ಮೊದಲ 12 ತಿಂಗಳು ಸರಾಸರಿ ಸಂಬಳದ ಅರ್ಧ, ಮುಂದಿನ 12 ತಿಂಗಳು ಕಾಲು ಭಾಗ. ಭತ್ಯೆ ಪಡೆಯುವಷ್ಟು ಕಾಲ ಮನೆಯವರಿಗೆಲ್ಲ ಇಎಸ್‌ಐ ಚಿಕಿತ್ಸೆಯೂ ಇರುತ್ತದೆ.

ಇನ್ನೊಂದು, 2018ರ ಜುಲೈನಿಂದ ಇರುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ಇದು ಜೀವನದಲ್ಲಿ ಒಟ್ಟು 90 ದಿನಕ್ಕೆ ಮಾತ್ರ. ಮೊದಲು ಸರಾಸರಿ ಸಂಬಳದ 25% ಕೊಡುತ್ತಿದ್ದರು, ಕೋವಿಡ್ ಕಾಲದಲ್ಲಿ 50%ಗೆ ಏರಿಸಿದರು. ಇದಕ್ಕೆ ರಿಟ್ರೆಂಚ್‌ಮೆಂಟ್ ಪತ್ರ ಬೇಕಿಲ್ಲ. ಕಂಪನಿ ಮೂಲಕ ಹೋಗುವುದೂ ಬೇಕಿಲ್ಲ, ಕಾರ್ಮಿಕನೇ ನೇರವಾಗಿ ಅರ್ಜಿ ಹಾಕಬಹುದು.

ಎರಡಕ್ಕೂ ಒಂದು ಷರತ್ತು ಸಮಾನ. ತಾನಾಗಿ ಕೆಲಸ ಬಿಟ್ಟವನಿಗೆ ಏನೂ ಇಲ್ಲ. ತಪ್ಪು ಮಾಡಿ ಡಿಸ್‌ಮಿಸ್ ಆದವನಿಗೂ ಇಲ್ಲ.

ಆ ಮೂರು ಸಾಲಿನ ಹಾಳೆಯಲ್ಲಿ "ಸ್ವಂತ ಕಾರಣಗಳಿಂದ" ಅಂತ ಬರೆದಿದ್ದು ಇದಕ್ಕೇ ನನಗೆ ಅಷ್ಟು ಕೆಟ್ಟದ್ದಾಗಿ ಕಂಡಿದ್ದು. ಎಂಟು ವರ್ಷ ಕಬ್ಬಿಣದ ಧೂಳು ಕುಡಿದ ಮನುಷ್ಯ ಪೆನ್ನಿನ ಒಂದು ಗೀಟಿಗೆ ಪರಿಹಾರವನ್ನೂ ಕಳೆದುಕೊಳ್ಳುತ್ತಾನೆ, ಎರಡು ವರ್ಷದ ಭತ್ಯೆಯನ್ನೂ ಕಳೆದುಕೊಳ್ಳುತ್ತಾನೆ. ಏನು ಕಳೆದುಕೊಂಡೆ ಅಂತಲೂ ಅವನಿಗೆ ಗೊತ್ತಾಗುವುದಿಲ್ಲ.

ಎಕ್ಸೆಲ್ ಶೀಟಿನ ಒಂದು ಕಾಲಂ

ಇಎಸ್‌ಐ ಮಾಸಿಕ ರಿಟರ್ನ್ ಅಂದರೆ ಒಂದು ಎಕ್ಸೆಲ್ ಶೀಟ್. ಒಬ್ಬೊಬ್ಬ ಕಾರ್ಮಿಕನಿಗೆ ಒಂದು ಸಾಲು. ಇಎಸ್‌ಐ ನಂಬರ್, ಹೆಸರು, ಸಂಬಳ ಕೊಟ್ಟ ದಿನಗಳು, ಒಟ್ಟು ಸಂಬಳ. ಆಮೇಲೆ ಎರಡು ಕಾಲಂ ಇರುತ್ತದೆ. ಆ ತಿಂಗಳು ಒಂದು ದಿನವೂ ಸಂಬಳ ಇಲ್ಲದವರಿಗೆ ಕಾರಣದ ಕೋಡ್, ಮತ್ತು ಕೊನೆಯ ಕೆಲಸದ ದಿನ. ಕೋಡ್ 2 ಅಂದರೆ ಕೆಲಸ ಬಿಟ್ಟಿದ್ದಾರೆ. ಕೋಡ್ 10 ಅಂದರೆ ರಿಟ್ರೆಂಚ್‌ಮೆಂಟ್. ಕೋಡ್ 11 ಅಂದರೆ ಕೆಲಸ ಇಲ್ಲ.

ಯಾರೇ ಹೋದರೂ ಕಣ್ಣು ಮುಚ್ಚಿ 2 ಅಂತ ಹಾಕುವುದು ರೂಢಿ. ತಿಂಗಳ 15ನೇ ತಾರೀಖಿನೊಳಗೆ ವಂತಿಗೆ ಕಟ್ಟಬೇಕು, ಒಂದು ದಿನಕ್ಕೆ ಇಪ್ಪತ್ತು ಕಂಪನಿಯ ಶೀಟ್ ಮುಗಿಸಬೇಕು, ಯಾಕೆ ಹೋದರು ಅಂತ ಯಾರೂ ಕೇಳುವುದಿಲ್ಲ. ಕಂಪನಿಯವರು ಹೇಳಿದ್ದನ್ನು ತುಂಬುತ್ತಾರೆ, ಹೇಳದಿದ್ದರೆ 2. ಒಮ್ಮೆ 2 ಅಂತ ಹೋದ ಮೇಲೆ ಅದನ್ನು ಬದಲಿಸಲು ಆ ಕಂಪನಿಯವರೇ ಮನಸ್ಸು ಮಾಡಿ ಪತ್ರ ಕೊಡಬೇಕು.

ಭಾವನಿಗೆ ಜನವರಿಯಲ್ಲಿ ಸಂಬಳ ಇತ್ತು. ಹಾಗಾಗಿ ಕೋಡ್ ಬೀಳುವುದು ಫೆಬ್ರವರಿಯ ರಿಟರ್ನ್‌ನಲ್ಲಿ. ಅದನ್ನು ತುಂಬಲು ಕೊನೆ ದಿನ ಮಾರ್ಚ್ 15. ಅಷ್ಟರೊಳಗೆ ಕಂಪನಿಯಿಂದ ರಿಟ್ರೆಂಚ್‌ಮೆಂಟ್ ಅಂತ ಬರೆಸಿಕೊಳ್ಳಬೇಕು. ಅವತ್ತು ರಾತ್ರಿಯೇ ಈ ಮಾತು ಭಾವನಿಗೂ ಅಕ್ಕನಿಗೂ ಹೇಳಿದೆ. ಅಕ್ಕ ಗೋಡೆ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಸುತ್ತು ಹಾಕಿದಳು.

ಗೇಟಿನಿಂದ ಕಾರ್ಮಿಕ ಅಧಿಕಾರಿಯವರೆಗೆ

ಮರುದಿನ ಭಾವ ಎಂದಿನಂತೆ ಶಿಫ್ಟಿಗೆ ಹೋದರು. ಹಾಳೆ ವಾಪಸ್ ಕೊಡಲಿಲ್ಲ. ಫೆಬ್ರವರಿ 1ಕ್ಕೆ ಅವರ ಪಂಚಿಂಗ್ ಬ್ಲಾಕ್ ಆಗಿತ್ತು, ಸೆಕ್ಯುರಿಟಿಯವರು ಒಳಗೆ ಬಿಡಲಿಲ್ಲ. ಕೈಯಲ್ಲಿ ಕಾಗದ ಒಂದೂ ಇಲ್ಲ. ಕೆಲಸದಿಂದ ತೆಗೆದಿದ್ದೇವೆ ಅಂತ ಯಾರೂ ಬರೆದುಕೊಟ್ಟಿಲ್ಲ, ಇವರೂ ಬಿಟ್ಟಿಲ್ಲ. ಬಹಳ ಜನ ಸೋಲುವುದು ಇಲ್ಲೇ. ಸುಮ್ನೆ ಮನೆಯಲ್ಲಿ ಕೂತರೆ, ಎರಡು ವಾರ ಕಳೆದ ಮೇಲೆ "ಹೇಳದೆ ಕೇಳದೆ ಗೈರುಹಾಜರಾಗಿದ್ದಾರೆ" ಎಂಬ ನೋಟಿಸ್ ಬರುತ್ತದೆ. ಆಗ ತಾನಾಗಿ ಕೆಲಸ ಬಿಟ್ಟ ಲೆಕ್ಕಕ್ಕೇ ಬರುತ್ತದೆ.

ಅವತ್ತೇ ಒಂದು ಪತ್ರ ಬರೆದೆವು. ಕನ್ನಡದಲ್ಲೇ ಬರೆದೆವು, ಭಾವನ ಕೈಬರಹದಲ್ಲೇ. "ನಾನು ರಾಜೀನಾಮೆ ಕೊಟ್ಟಿಲ್ಲ, ಕೊಡುವ ಉದ್ದೇಶವೂ ಇಲ್ಲ. ದಿನಾಂಕ 1-2-2024ರಂದು ಬೆಳಗಿನ ಪಾಳಿಗೆ ಬಂದಾಗ ಗೇಟಿನಲ್ಲಿ ನನ್ನನ್ನು ತಡೆಯಲಾಯಿತು. ದಯವಿಟ್ಟು ಕೆಲಸ ಕೊಡಿ. ಕೆಲಸ ಇಲ್ಲವಾದರೆ ಕಾರಣ ತಿಳಿಸಿ ಲಿಖಿತ ಆದೇಶ ಕೊಡಿ." ಇಷ್ಟೇ. ಬೈಗುಳ ಇಲ್ಲ, ಗೋಳು ಇಲ್ಲ, ಕಾಯ್ದೆಯ ಕಲಂ ಕೂಡ ಇಲ್ಲ. ಸ್ವೀಕೃತಿ ಕಾರ್ಡ್ ಇಟ್ಟು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ಒಂದು ಪ್ರತಿಯನ್ನು ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆವು. ಕೆಂಪು ಸೀಲಿನ ಆ ಹಾಳೆಯನ್ನು ಭಾವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮಗಳ ಮಾರ್ಕ್ಸ್ ಕಾರ್ಡ್ ಇಡುವ ಫೈಲಿನಲ್ಲೇ ಇಟ್ಟರು.

ಕಂಪನಿಯಿಂದ ಉತ್ತರ ಬರಲಿಲ್ಲ. ಕೈಗಾರಿಕಾ ವಿವಾದ ಕಾಯ್ದೆಯ 2ಎ ಕಲಂನಲ್ಲಿ ಒಬ್ಬನೇ ಕಾರ್ಮಿಕ ಕೂಡ ವಿವಾದ ಎತ್ತಬಹುದಿತ್ತು, ಯೂನಿಯನ್ ಬೇಕೇ ಬೇಕು ಅಂತಿರಲಿಲ್ಲ. ಆ ಪ್ರಕಾರ ಕಾರ್ಮಿಕ ಅಧಿಕಾರಿಯವರಿಗೆ ದೂರು ಕೊಟ್ಟೆವು. ಅವರು ಎರಡೂ ಕಡೆಯವರನ್ನು ಕರೆದರು. ವಕೀಲರು ಯಾರೂ ಇರಲಿಲ್ಲ. ಕಂಪನಿ ಕಡೆಯಿಂದ ಎಚ್‌ಆರ್‌ನವರು ಬಂದು, ಇವರೇ ಕೆಲಸ ಬಿಟ್ಟಿದ್ದು ಅಂದರು. ರಾಜೀನಾಮೆ ಪತ್ರ ತೋರಿಸಿ ಅಂತ ಅಧಿಕಾರಿ ಕೇಳಿದರು. ಅದು ಇರಲಿಲ್ಲ. ಭಾವ ಜೇಬಿನಿಂದ ಆ ಖಾಲಿ ಹಾಳೆ ತೆಗೆದು ಮೇಜಿನ ಮೇಲೆ ಇಟ್ಟರು. ಕಂಪನಿಯೇ ಟೈಪ್ ಮಾಡಿಸಿ ಕೊಟ್ಟ ರಾಜೀನಾಮೆ, ಸಹಿ ಇಲ್ಲದ್ದು.

ಮಾತು ಅಲ್ಲಿಂದ ತಿರುಗಿತು. ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಲು ಕಂಪನಿ ಒಪ್ಪಲಿಲ್ಲ. ಹಟ ಹಿಡಿದು ಲೇಬರ್ ಕೋರ್ಟಿಗೆ ಹೋಗಬಹುದಿತ್ತು. ಭಾವ ಬೇಡ ಅಂದರು. "ಕೇಸು ಮುಗಿಯೋ ಹೊತ್ತಿಗೆ ಮಗಳ ಓದೇ ಮುಗ್ದಿರತ್ತೆ" ಅಂದರು. ಅದು ಅವರ ಜೀವನ, ಅವರ ತೀರ್ಮಾನ. ಕೊನೆಗೆ ಅಧಿಕಾರಿಯ ಮುಂದೆ ಲಿಖಿತ ಒಪ್ಪಂದ ಆಯಿತು. ಜನವರಿ 31ರಿಂದ ರಿಟ್ರೆಂಚ್‌ಮೆಂಟ್, ನೋಟಿಸ್ ಬದಲು 17,500, ಪರಿಹಾರ 70,000, ಗ್ರಾಚ್ಯುಟಿ 60,000, ಜನವರಿ ಸಂಬಳ 17,500. ಒಟ್ಟು 1,65,000. ನಾನು ಪಟ್ಟು ಹಿಡಿದು ಸೇರಿಸಿದ್ದು ಒಂದೇ ಸಾಲು: ಇಎಸ್‌ಐ ಮತ್ತು ಪಿಎಫ್ ದಾಖಲೆಯಲ್ಲೂ ಇದೇ ಕಾರಣ ನಮೂದಿಸಬೇಕು. ಎಚ್‌ಆರ್‌ನವರಿಗೆ ಆ ಸಾಲಿನ ಬಗ್ಗೆ ತಕರಾರಿರಲಿಲ್ಲ. ಅವರಿಗೆ ಅದರಿಂದ ಒಂದು ಪೈಸೆ ಖರ್ಚಿಲ್ಲ. ಒಂದು ಪೈಸೆ ಖರ್ಚಿಲ್ಲದ ಇದನ್ನು ಎಲ್ಲ ಕಂಪನಿಗಳೂ ತಾವಾಗೇ ಮಾಡಬಹುದಲ್ವಾ? ನಮ್ಮ ಆಫೀಸಿನ ಗಿರಾಕಿಗಳಿಗೆ ನಾನು ಈಗ ಪ್ರತಿ ಸಲವೂ ಫೋನ್ ಮಾಡಿ ಕೇಳುತ್ತೇನೆ, ಯಾಕೆ ಹೋದರು ಅಂತ.

ಮಾರ್ಚ್ 15ಕ್ಕೆ ಮುಂಚೆಯೇ ಇದು ಮುಗಿದಿದ್ದರಿಂದ ಫೆಬ್ರವರಿಯ ರಿಟರ್ನ್‌ನಲ್ಲಿ ಕೋಡ್ 10 ಬಿತ್ತು.

ಮನೆ ನಡೆದದ್ದು

ಪರಿಹಾರದ ಚೆಕ್ ಕೈಗೆ ಬರುವ ತನಕ ಮನೆಯಲ್ಲಿ ಕಷ್ಟವೇ ಆಯಿತು. ಸೊಸೈಟಿಯಲ್ಲಿ ಅಕ್ಕನ ಬಳೆ ಅಡ ಇಟ್ಟರು. ಗೃಹಲಕ್ಷ್ಮಿಯ 2,000 ರೂಪಾಯಿ ಅಕ್ಕಿ ಬೇಳೆಗೆ ಆಯಿತು. ಆ ಜನವರಿ 12ರಂದು ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲೇ ಯುವನಿಧಿ ಯೋಜನೆಗೆ ಚಾಲನೆ ಸಿಕ್ಕಿತ್ತು. ಹಾಗಾಗಿ ಬಂದವರೆಲ್ಲ "ಯುವನಿಧಿಗೆ ಹಾಕಿ" ಅನ್ನುತ್ತಿದ್ದರು. ಅದು ಕೆಲಸ ಕಳೆದುಕೊಂಡವರಿಗೆ ಇರುವುದಲ್ಲ. 2022-23ರಲ್ಲಿ ಪದವಿ ಅಥವಾ ಡಿಪ್ಲೊಮಾ ಮುಗಿಸಿ, 180 ದಿನವಾದರೂ ಕೆಲಸ ಸಿಗದವರಿಗೆ ಅಂತ ಶುರುವಾಗಿದ್ದು. ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ನಲವತ್ತು ದಾಟಿದ ಐಟಿಐ ಕಾರ್ಮಿಕನಿಗೆ ಅದರಲ್ಲಿ ಜಾಗ ಇಲ್ಲ.

ಅಕ್ಕನಿಗೆ ಥೈರಾಯ್ಡ್ ಮಾತ್ರೆ ಪ್ರತಿ ತಿಂಗಳು ಬೇಕು. ಕೆಲಸ ಹೋದ ಮೇಲೆ ಇಎಸ್‌ಐ ಕಾರ್ಡ್ ನಡೆಯುವುದಿಲ್ಲ ಅಂದುಕೊಂಡು ಹೊರಗೆ ದುಡ್ಡು ಕೊಟ್ಟು ತರಲು ಶುರು ಮಾಡಿದ್ದಳು. ಕಾರ್ಡ್ ನಡೆಯುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ವಂತಿಗೆ ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಒಂದು ಅವಧಿಯಲ್ಲಿ 78 ದಿನದ ವಂತಿಗೆ ಬಿದ್ದಿದ್ದರೆ, ಅದರ ಫಲ ಮುಂದಿನ ಆರು ತಿಂಗಳ ಅವಧಿಗೆ ಸಿಗುತ್ತದೆ. ಮೊದಲನೆಯದರ ಫಲ ಜನವರಿಯಿಂದ ಜೂನ್, ಎರಡನೆಯದರದ್ದು ಜುಲೈನಿಂದ ಡಿಸೆಂಬರ್. ಭಾವ ಅಕ್ಟೋಬರ್‌ನಿಂದ ಜನವರಿವರೆಗೆ ನಾಲ್ಕು ತಿಂಗಳು ಪೂರ್ತಿ ದುಡಿದಿದ್ದರು, 78 ದಿನ ಎಂದೋ ದಾಟಿತ್ತು. ಹಾಗಾಗಿ ಭತ್ಯೆ ಸಿಗಲಿ ಬಿಡಲಿ, 2024ರ ಡಿಸೆಂಬರ್‌ವರೆಗೆ ಮನೆಯವರ ಚಿಕಿತ್ಸೆಗೆ ತೊಂದರೆ ಇರಲಿಲ್ಲ. ರಾಜೀನಾಮೆ ಕೊಟ್ಟವರಿಗೂ ಇದು ಸಿಗುತ್ತದೆ. ದಯವಿಟ್ಟು ಕಾರ್ಡ್ ಬಿಸಾಡಬೇಡಿ.

ಭತ್ಯೆಯ ಅರ್ಜಿಯನ್ನು ಇಎಸ್‌ಐ ಶಾಖಾ ಕಚೇರಿಯಲ್ಲಿ ಕೊಟ್ಟೆವು. ರಿಟ್ರೆಂಚ್‌ಮೆಂಟ್ ಪತ್ರ, ಒಪ್ಪಂದದ ಪ್ರತಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಇಎಸ್‌ಐ ಕಾರ್ಡ್. ಮೊದಲ ದುಡ್ಡು ಖಾತೆಗೆ ಬಿದ್ದಾಗ ಮಳೆಗಾಲ ಶುರುವಾಗಿತ್ತು, ಹಿಂದಿನ ತಿಂಗಳುಗಳದ್ದೂ ಸೇರಿ ಬಂತು. ತಿಂಗಳಿಗೆ ಸಂಬಳದ ಅರ್ಧದ ಹತ್ತಿರ. ಸೊಸೈಟಿಯಿಂದ ಬಳೆ ಬಿಡಿಸಿದರು.

ನಡುವೆ ಭಾವ ಒಂದು ಪ್ರಶ್ನೆ ಕೇಳಿದರು. "ಊರಲ್ಲಿ ತೋಟದ ಕೆಲಸಕ್ಕೆ ಕರೀತಿದಾರೆ, ದಿನಗೂಲಿ. ಹೋದ್ರೆ ತಪ್ಪಾ?" ಬೇರೆ ಕೆಲಸ ಸಿಕ್ಕ ಮೇಲೆ ಭತ್ಯೆ ತೆಗೆದುಕೊಳ್ಳುವಂತಿಲ್ಲ, ಸುಳ್ಳು ಹೇಳಿ ಪಡೆದರೆ ಅದು ಅಪರಾಧ. ಮನೆಯ ಪಾಲಿನ ತೋಟ ನೋಡಿಕೊಳ್ಳಿ, ಬೇರೆಯವರ ಹತ್ತಿರ ಸಂಬಳಕ್ಕೆ ಹೋಗುವುದಾದರೆ ಮೊದಲು ಕಚೇರಿಗೆ ಬರೆದು ತಿಳಿಸಿ ಅಂದೆ. ಅವರು ಹಾಗೇ ಮಾಡಿದರು.

ಸಹಿ ಹಾಕಿದವರು, ಕಂಟ್ರಾಕ್ಟಿನವರು

ಅವತ್ತು ಟೈಮ್ ಆಫೀಸಿಗೆ ಕರೆಸಿಕೊಂಡವರಲ್ಲಿ ಹೆಚ್ಚಿನವರು ಸಹಿ ಹಾಕಿದ್ದರು. ಅವರಲ್ಲಿ ಒಬ್ಬರು ಭದ್ರಾವತಿಯಿಂದ ಬರುವವರು, ಭಾವನ ಪಕ್ಕದ ಗ್ರೈಂಡರಿನವರು. ಎಂಪಿಎಂ ಕಾಗದ ಕಾರ್ಖಾನೆ ನಿಂತಿದ್ದನ್ನು ನೋಡಿದ ಊರು ಅದು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಮುಚ್ಚುವ ನಿರ್ಧಾರ ಬಂದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದ ಊರು. ಅಂಥ ಊರಿನವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಅವರು ಸಹಿ ಹಾಕುತ್ತಿದ್ದರೇನೋ. ತಂದೆ ಆಸ್ಪತ್ರೆಯಲ್ಲಿದ್ದರು, ದುಡ್ಡು ಅವತ್ತೇ ಬೇಕಿತ್ತು. ಅವರನ್ನು ದೂರುವ ಮನಸ್ಸು ನನಗಿಲ್ಲ. ಅಟಲ್ ಯೋಜನೆಯಲ್ಲಾದರೂ ಏನಾದರೂ ಆಗುತ್ತದಾ ಅಂತ ನೋಡಿದೆವು. ಅವರದೇ ಸಹಿಯ ರಾಜೀನಾಮೆ ಇತ್ತು, ದಾಖಲೆಯಲ್ಲಿ ಕೋಡ್ 2 ಇತ್ತು. ಆಗಲಿಲ್ಲ.

ಅದೇ ಶೆಡ್ಡಿನಲ್ಲಿ ಕಂಟ್ರಾಕ್ಟರ್ ಕೆಳಗಿದ್ದ ಹುಡುಗನೊಬ್ಬನಿಗೆ ಆಯಿತು. ಅವನಿಗೆ ಯಾರೂ ಹಾಳೆ ಕೊಟ್ಟಿರಲಿಲ್ಲ, ನಾಳೆಯಿಂದ ಬರಬೇಡ ಅಂದಿದ್ದರು ಅಷ್ಟೇ. ಕಂಟ್ರಾಕ್ಟರ್ ಇಎಸ್‌ಐ ಸರಿಯಾಗಿ ಕಟ್ಟಿದ್ದ. ಎರಡು ವರ್ಷ ವಿಮೆಯಲ್ಲಿರಬೇಕು, ಕೆಲಸ ಹೋಗುವ ಹಿಂದಿನ ವಂತಿಗೆ ಅವಧಿಯಲ್ಲಿ 78 ದಿನ, ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಒಂದರಲ್ಲಿ 78 ದಿನ ಇರಬೇಕು. ಎಲ್ಲ ಇತ್ತು. ಕೆಲಸ ಹೋಗಿ 30 ದಿನ ಆದ ಮೇಲೆ ಇಎಸ್‌ಐ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ. ಲೆಕ್ಕ ಹೀಗೆ: ಹಿಂದಿನ ನಾಲ್ಕು ವಂತಿಗೆ ಅವಧಿಯ ಒಟ್ಟು ಗಳಿಕೆಯನ್ನು 730ರಿಂದ ಭಾಗಿಸಬೇಕು, ಅದರ ಅರ್ಧ ಒಂದು ದಿನಕ್ಕೆ. ತಿಂಗಳಿಗೆ 12,000 ಸಂಬಳ ಅಂದರೆ ಎರಡು ವರ್ಷಕ್ಕೆ 2,88,000, ದಿನಕ್ಕೆ 197, 90 ದಿನಕ್ಕೆ 17,700 ರೂಪಾಯಿ ಚಿಲ್ಲರೆ. ದೊಡ್ಡ ಮೊತ್ತ ಅಲ್ಲ. ಆದರೆ ಬಾಡಿಗೆ ರೂಮಿನಲ್ಲಿರುವ ಹುಡುಗನಿಗೆ ಮೂರು ತಿಂಗಳು ಊರಿಗೆ ವಾಪಸ್ ಹೋಗದೆ ಕೆಲಸ ಹುಡುಕಲು ಅಷ್ಟು ಸಾಕಾಯಿತು. ಈ ಯೋಜನೆಯನ್ನು ಆಗಾಗ ಅವಧಿ ಹಾಕಿ ಮುಂದುವರಿಸುತ್ತಾ ಬಂದಿದ್ದಾರೆ. ಅರ್ಜಿ ಹಾಕುವಾಗ ಅದು ಚಾಲ್ತಿಯಲ್ಲಿದೆಯಾ ಅಂತ ಶಾಖಾ ಕಚೇರಿಯಲ್ಲಿ ಕೇಳಿಕೊಳ್ಳಿ.

ಪಿಎಫ್‌ನಲ್ಲಿ ಮುಟ್ಟಬಾರದ ಖಾತೆ

ಕೆಲಸ ಹೋದವರು ಮೊದಲು ಓಡುವುದು ಸೈಬರ್ ಸೆಂಟರಿಗೆ, ಪಿಎಫ್ ತೆಗೆಸಲು. ಆಗಿನ ನಿಯಮದಲ್ಲಿ ಕೆಲಸ ಹೋಗಿ ಒಂದು ತಿಂಗಳಾದರೆ 75%, ಎರಡು ತಿಂಗಳಾದರೆ ಪೂರ್ತಿ ತೆಗೆಯಬಹುದಿತ್ತು. ಸೈಬರ್ ಸೆಂಟರಿನ ಹುಡುಗರು ಪಿಎಫ್ ತೆಗೆಯುವ ಫಾರ್ಮ್ 19 ಜೊತೆಗೆ ಪಿಂಚಣಿ ದುಡ್ಡು ತೆಗೆಯುವ ಫಾರ್ಮ್ 10ಸಿಯನ್ನೂ ಹಾಕಿಬಿಡುತ್ತಾರೆ. ಈ 10ಸಿ ವಿಷಯಕ್ಕೆ ನಾನು ಭಾವನ ಜೊತೆ ಜಗಳವನ್ನೇ ಆಡಿದೆ.

ಕಂಪನಿ ಕಟ್ಟುವ 12%ರಲ್ಲಿ 8.33% ಹೋಗುವುದು ಪಿಂಚಣಿ ಖಾತೆಗೆ. ಭಾವನ 13,000ಕ್ಕೆ ತಿಂಗಳಿಗೆ 1,083 ರೂಪಾಯಿ. ಹತ್ತು ವರ್ಷ ಸರ್ವಿಸ್ ಆದರೆ 58ಕ್ಕೆ ಜೀವನಪೂರ್ತಿ ಪಿಂಚಣಿ. ಭಾವನದು ಎಂಟು ವರ್ಷ ಮೂರು ತಿಂಗಳು ಆಗಿತ್ತು. 10ಸಿ ಹಾಕಿ ಆ ದುಡ್ಡು ತೆಗೆದರೆ ಎಂಟು ವರ್ಷವೂ ಅಳಿಸಿ ಹೋಗಿ, ಮುಂದಿನ ಕೆಲಸದಲ್ಲಿ ಸೊನ್ನೆಯಿಂದ ಲೆಕ್ಕ. ಇನ್ನೆರಡು ವರ್ಷ ಎಲ್ಲಿ ದುಡಿದರೂ ಪಿಂಚಣಿ ಕುದುರುತ್ತದೆ ಭಾವ, ಅದನ್ನು ಮುಟ್ಟಬೇಡಿ ಅಂದೆ. ಅವರು ಪಿಎಫ್‌ನಿಂದ ಮಗಳ ಪಿಯುಸಿ ಫೀಸಿಗೆ, ಚೀಟಿ ಸಾಲಕ್ಕೆ ಬೇಕಾದಷ್ಟು ಮಾತ್ರ ತೆಗೆದರು. ಉಳಿದದ್ದು ಅಲ್ಲೇ ಇತ್ತು. ಆ ವರ್ಷ ಬಡ್ಡಿ 8.25%.

ಇನ್ನೊಂದು ಸಣ್ಣ ವಿಷಯ. ಕಂಪನಿ ಪಿಎಫ್ ದಾಖಲೆಯಲ್ಲಿ ಕೆಲಸ ಬಿಟ್ಟ ತಾರೀಖು ಹಾಕದಿದ್ದರೆ ಕ್ಲೇಮ್ ಮುಂದೆ ಹೋಗುವುದಿಲ್ಲ. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಅದನ್ನು ಪೋರ್ಟಲ್‌ನಲ್ಲಿ ನಾವೇ ಹಾಕಬಹುದು. ಯಾರಿಗೂ ದುಡ್ಡು ಕೊಡಬೇಕಿಲ್ಲ.

ಈಗ ಬದಲಾದದ್ದು

2025ರ ಅಕ್ಟೋಬರ್ 13ರಂದು ಪಿಎಫ್ ಮಂಡಳಿ ಹೊಸ ತೀರ್ಮಾನ ಮಾಡಿದೆ. ಕೆಲಸ ಹೋದರೆ 75% ಕೂಡಲೇ, ಉಳಿದ 25%ಗೆ ಒಂದು ವರ್ಷ ಕಾಯಬೇಕು. ಪಿಂಚಣಿ ದುಡ್ಡು ತೆಗೆಯಲು ಎರಡು ತಿಂಗಳ ಬದಲು 36 ತಿಂಗಳು. ಇದರ ಬಗ್ಗೆ ಬಹಳ ಜನ ಕೋಪ ಮಾಡಿಕೊಂಡರು. ಪಿಂಚಣಿ ಮಟ್ಟಿಗೆ ನನಗೆ ಇದು ಒಳ್ಳೆಯದೇ ಅನಿಸುತ್ತದೆ. 10ಸಿ ಹಾಕಿ ಎಂಟು, ಒಂಬತ್ತು ವರ್ಷದ ಸರ್ವಿಸ್ ಕಳೆದುಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ.

2025ರ ನವೆಂಬರ್ 21ರಿಂದ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ. ವರ್ಷಕ್ಕೆ 15 ದಿನದ ಪರಿಹಾರ ಅದರಲ್ಲೂ ಇದೆ. ಅದರ ಮೇಲೆ, ರಿಟ್ರೆಂಚ್ ಆದ ಪ್ರತಿಯೊಬ್ಬರಿಗೂ 15 ದಿನದ ಸಂಬಳವನ್ನು ಕಂಪನಿ ಒಂದು ನಿಧಿಗೆ ಕಟ್ಟಬೇಕು, 45 ದಿನದೊಳಗೆ ಅದು ಕಾರ್ಮಿಕನ ಖಾತೆಗೆ ಬರಬೇಕು. ಹೊಸ ಕೆಲಸ ಕಲಿಯಲಿ ಅಂತ ಕೊಡುವ ದುಡ್ಡು. ಆದರೆ ಇದೂ ಕೂಡ ರಿಟ್ರೆಂಚ್ ಆದವರಿಗೆ. ಆ ಮೂರು ಸಾಲಿಗೆ ಸಹಿ ಹಾಕಿದವರಿಗೆ ಇದೂ ಇಲ್ಲ.

ಭಾವನಿಗೆ 2024ರ ಅಕ್ಟೋಬರ್‌ನಲ್ಲಿ ಸಾಗರ ರಸ್ತೆ ಕಡೆಯ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಸಂಬಳ ಮೊದಲಿಗಿಂತ ಸ್ವಲ್ಪ ಕಡಿಮೆ, ಧೂಳೂ ಕಡಿಮೆ. ಸೇರಿದ ವಾರವೇ ಇಎಸ್‌ಐ ಕಚೇರಿಗೆ ಬರೆದುಕೊಟ್ಟು ಭತ್ಯೆ ನಿಲ್ಲಿಸಿಕೊಂಡರು. ಪಿಎಫ್‌ನ ಹಳೆಯ ಯುಎಎನ್ ನಂಬರನ್ನೇ ಹೊಸ ಕಡೆ ಕೊಟ್ಟು, ಪಿಎಫ್ ಅದಕ್ಕೇ ವರ್ಗ ಮಾಡಿಸಿದರು. ಅಲ್ಲಿ ಕೆಲಸ ಮುಂದುವರಿದರೆ 2026ರ ಮಧ್ಯದ ಹೊತ್ತಿಗೆ ಪಿಂಚಣಿಯ ಹತ್ತು ವರ್ಷ ತುಂಬುತ್ತದೆ.